ದೋಣಿಕಟ್ಟೆಯ ಬಾತುಗಳು

ಊರಿನವರೆಲ್ಲ ಅವಳನ್ನು ಹಿಕ್ಕೆ ಮೇಡಂ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ. ಪಶು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ದನ, ಕುರಿ, ನಾಯಿ, ಹಕ್ಕಿಗಳ ಹೊಟ್ಟೆಯಿಂದ ಹೊರಬಿದ್ದದ್ದನ್ನು ಗಾಜಿನ ಮೇಲೆ ಹರಡಿ ಹುಳುವಿನ ಮೊಟ್ಟೆ ಹುಡುಕುತ್ತ ಬಂದವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಅವಳಿಗೂ ಅದರಿಂದ ಬೇಸರವಿರಲಿಲ್ಲ. "ಡಾಕ್ಟರು ಪ್ರಾಣಿಯ ಮುಖ ನೋಡಿ ಕಾಯಿಲೆ ಹೇಳ್ತಾರೆ. ಮುಖ ಸುಳ್ಳು ಹೇಳ್ಬಹುದು. ನಾನು ನೋಡೋದು ಯಾವತ್ತೂ ಸುಳ್ಳು ಹೇಳಲ್ಲ" ಎನ್ನುತ್ತಿದ್ದಳು.

ಇಷ್ಟು ವರ್ಷಗಳಲ್ಲಿ ತನ್ನ ಒಂದು ವರದಿಯೂ ತಪ್ಪಾಗಿಲ್ಲ ಎಂಬುದು ಅವಳ ಜಂಬ. ಆ ಜಂಬ ಪುಕ್ಕಟೆ ಬಂದದ್ದಲ್ಲ. ಡಬ್ಬಿಯ ಚೀಟಿಯ ಮೇಲೆ ಯಾವ ಪ್ರಾಣಿ, ಯಾವ ದಿನ, ಎಲ್ಲಿಂದ ತಂದದ್ದು ಎಂಬ ಮೂರು ಸಾಲು ತುಂಬದೆ ಯಾರೇ ಮಾದರಿ ತರಲಿ, ಅವರು ದೊಡ್ಡ ಡಾಕ್ಟರೇ ಆಗಿರಲಿ, ಡಬ್ಬಿಯನ್ನು ಹಾಗೇ ವಾಪಸು ಕೈಗಿಡುತ್ತಿದ್ದಳು. "ಎಲ್ಲಿಂದ ಅಂತ ಬರೀದಿದ್ರೆ ಇದು ಮಾದರಿ ಅಲ್ಲ ಸಾರ್, ಬರೀ ಗಲೀಜು" ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುವುದರಲ್ಲಿ ಅವಳದು ಎತ್ತಿದ ಕೈ.

ಆ ವರ್ಷದ ಬೇಸಿಗೆಯಲ್ಲಿ ಕೆರೆಯಲ್ಲಿ ಈಜು ಕಲಿಯುತ್ತಿದ್ದ ಮಕ್ಕಳ ಮೈಮೇಲೆ ಕೆಂಪು ಗುಳ್ಳೆಗಳೆದ್ದವು. ನವೆಯೆಂದರೆ ಅಂಥಿಂಥ ನವೆಯಲ್ಲ, ಮಕ್ಕಳು ಊಟ ಬಿಟ್ಟು ಕೆರೆದುಕೊಂಡರು. ಈಜು ಮಾಸ್ಟರು ತಮ್ಮ ಮೊಣಕಾಲನ್ನೂ ಪರಪರ ಕೆರೆದುಕೊಳ್ಳುತ್ತ ಪಶು ಆಸ್ಪತ್ರೆಗೆ ಬಂದರು.

"ಮನುಷ್ಯರ ಆಸ್ಪತ್ರೆಗೆ ಹೋಗಿದ್ದೆ ಮೇಡಂ. ಮುಲಾಮು ಕೊಟ್ರು. ನನಗೇನೋ ಮುಲಾಮು ಆಯ್ತು, ಕೆರೆಗೆ ಏನು ಹಚ್ಚಲಿ?"

ಮೇಡಂ ಒಂದೇ ವಾರದಲ್ಲಿ ಕಳ್ಳನನ್ನು ಹಿಡಿದಳು. ಅದು ಬಾತುಗಳ ಮೈಯೊಳಗೆ ಬದುಕುವ ಒಂದು ಹುಳು. ಅದರ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದ ಮರಿ ನೀರಿನ ಬಸವನಹುಳುವಿನೊಳಗೆ ಹೊಕ್ಕು, ಅಲ್ಲಿ ಒಂದು ಸಾವಿರವಾಗಿ, ಮತ್ತೆ ನೀರಿಗಿಳಿದು ಬಾತಿನ ಕಾಲು ಹುಡುಕುತ್ತ ಹೊರಡುತ್ತದೆ. ಬಾತಿನ ಕಾಲೆಂದುಕೊಂಡು ಮಗುವಿನ ಕಾಲಿಗೆ ಹೊಕ್ಕರೆ ಮುಂದೆ ದಾರಿ ಕಾಣದೆ ಚರ್ಮದಲ್ಲೇ ಸಾಯುತ್ತದೆ. ಸಾಯುವುದು ಸುಮ್ಮನೆ ಸಾಯದೆ ತುರಿಕೆ ಹಚ್ಚಿ ಸಾಯುತ್ತದೆ. ನೂರು ಹಿಕ್ಕೆಯ ಮಾದರಿ ನೋಡಿದಾಗ ಎಪ್ಪತ್ತೆರಡರಲ್ಲಿ ಆ ಮೊಟ್ಟೆ ಸಿಕ್ಕಿತು.

ಮಳೆಗಾಲ ಕಳೆದು ಪುರಸಭೆಯಲ್ಲಿ ವರದಿ ಓದಿದ ದಿನ ಅಧ್ಯಕ್ಷರು ಕುರ್ಚಿಯ ತುದಿಗೆ ಬಂದು ಕೂತಿದ್ದರು. "ಹಾಗಾದ್ರೆ ಚಳಿಗಾಲಕ್ಕೆ ಹೊರಗಿನಿಂದ ಹಾರಿ ಬರ್ತಾವಲ್ಲ, ಆ ವಲಸೆ ಬಾತುಗಳೇ ಈ ಹುಳ ತರ್ತಿವೆ ಅನ್ನಿ."

"ಅದರಲ್ಲಿ ಎರಡು ಮಾತಿಲ್ಲ" ಎಂದಳು ಮೇಡಂ.

ಈಜು ಮಾಸ್ಟರು ಮಾತ್ರ ಅನುಮಾನದಿಂದ ಕೈಯೆತ್ತಿದರು. "ಮಕ್ಕಳಿಗೆ ನವೆ ಬಂದಿದ್ದು ಬೇಸಿಗೇಲಿ ಮೇಡಂ. ಅಷ್ಟೊತ್ತಿಗೆ ಅವು ಹೋಗಿರ್ತವಲ್ಲ?"

"ಅವು ಬಿತ್ತಿ ಹೋಗ್ತವೆ ಮಾಸ್ಟ್ರೇ. ಬೆಳೆ ಬರೋದು ಬೇಸಿಗೇಲಿ."

ಸಭೆ ಚಪ್ಪಾಳೆ ತಟ್ಟಿತು. ಕೆರೆಯ ಉತ್ತರ ದಡದಲ್ಲಿ ಆಳೆತ್ತರ ಬೆಳೆದ ಜೊಂಡಿನಲ್ಲೇ ವಲಸೆ ಬಾತುಗಳು ಇಳಿಯುವುದು. ಚಳಿಗಾಲದ ಹಿಂಡು ಪೂರ್ತಿ ಬರುವ ಮೊದಲೇ ಯಂತ್ರ ತರಿಸಿ ಜೊಂಡನ್ನು ಬುಡಸಮೇತ ತೆಗೆಸುವುದೆಂದು ತೀರ್ಮಾನವಾಯಿತು. ಇಳಿಯಲು ಜಾಗವಿಲ್ಲದಿದ್ದರೆ ಅವು ಬೇರೆ ಕೆರೆ ನೋಡಿಕೊಳ್ಳುತ್ತವೆ. ಗುರುವಾರ ಬೆಳಗ್ಗೆ ಎಂಟಕ್ಕೆ ಮುಹೂರ್ತ. ಕಾಗದದ ಕೆಳಗೆ ಮೇಡಂ ತನ್ನ ಹೆಸರನ್ನು ದೊಡ್ಡದಾಗಿ ಬರೆದು, ಅಡಿಯಲ್ಲೊಂದು ಗೆರೆಯನ್ನೂ ಎಳೆದು ಸಹಿ ಹಾಕಿದಳು.

ಇನ್ನು ಅವಳ ಅಣ್ಣನ ವಿಷಯ ಹೇಳಬೇಕು. ಕೆರೆಯ ದಕ್ಷಿಣಕ್ಕೆ, ಹಳೆಯ ದೋಣಿಕಟ್ಟೆಗೆ ತಾಗಿಕೊಂಡೇ ಅವನ ಮನೆ. ಸೇತುವೆ ಬರುವ ತನಕ ಮೂವತ್ತು ವರ್ಷ ಈ ದಡದವರನ್ನು ಆ ದಡಕ್ಕೆ ದಾಟಿಸಿದವನು. ಆರು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಳು. ಅದಾದ ಒಂದು ವಾರಕ್ಕೆ, ಚಳಿಗಾಲ ಮುಗಿದು ಹಿಂಡೆಲ್ಲ ಹಾರಿಹೋದ ಮೇಲೆ, ಕಟ್ಟೆಯ ಮೆಟ್ಟಿಲ ಬಳಿ ಒಂದು ಹೆಣ್ಣು ಬಾತು ಒಂಟಿಯಾಗಿ ಉಳಿದಿತ್ತು. ಕುತ್ತಿಗೆಯಲ್ಲಿ ಬಿಳಿ ಮಚ್ಚೆ, ಎಷ್ಟು ಓಡಿಸಿದರೂ ಜಗ್ಗದ ಹಟ. ಅಣ್ಣ ಅದಕ್ಕೆ ಮೊಂಡಿ ಎಂದು ಹೆಸರಿಟ್ಟು ಒಂದು ಹಿಡಿ ಕಾಳು ಹಾಕಿದ. ಮರುವರ್ಷ ಮೊಂಡಿಯ ಜೊತೆ ಇಪ್ಪತ್ತು ಉಳಿದವು. ಈಗ ಇನ್ನೂರಕ್ಕೂ ಮಿಕ್ಕಿ. ಬೆಳಗಾದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ, ಹಾಗೆ ಮುತ್ತಿಕೊಳ್ಳುತ್ತಿದ್ದವು.

"ಸೇತುವೆ ಬಂದ ಮೇಲೆ ಊರೇ ನನ್ನ ಮರ್ತುಬಿಡ್ತು. ಇವಳು ನೋಡು, ರೆಕ್ಕೆ ಇದ್ರೂ ನನ್ನ ಬಿಟ್ಟು ಹೋಗ್ಲಿಲ್ಲ" ಎಂದು ಅಣ್ಣ ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಮೇಡಂ ಡ್ಯೂಟಿಗೆ ಹೋಗುವ ಮೊದಲು ದಿನವೂ ಅಲ್ಲಿಗೆ ಬಂದು ಅಣ್ಣನ ಕೈಯ ಟೀ ಕುಡಿದು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅಣ್ಣ ನಗುವುದನ್ನು ನೋಡಿದರೆ ಅವಳ ಅರ್ಧ ಆಯಾಸ ಇಳಿದುಹೋಗುತ್ತಿತ್ತು.

ಮಂಗಳವಾರ ಬೆಳಗ್ಗೆ ಈ ವರ್ಷದ ಮೊದಲ ಹಿಂಡು ಉತ್ತರ ದಡದಲ್ಲಿ ಇಳಿದಿದೆ ಎಂದು ಸುದ್ದಿ ಬಂತು. ಮೇಡಂಗೆ ಹುರುಪು. ಆಗತಾನೆ ಬಂದ ಬಾತುಗಳ ಹಿಕ್ಕೆಯಲ್ಲೂ ಮೊಟ್ಟೆ ತೋರಿಸಿಬಿಟ್ಟರೆ ಈಜು ಮಾಸ್ಟರ ಅನುಮಾನಕ್ಕೂ ಬೀಗ ಬಿದ್ದಂತೆ. ರಬ್ಬರ್ ಬೂಟು ಹಾಕಿಕೊಂಡು, ಮೊಣಕಾಲುದ್ದದ ಕೆಸರಿನಲ್ಲಿ ಪಚಪಚ ನಡೆದು, ಎರಡು ಸಲ ಕೂತು ಒಂದು ಸಲ ಬಿದ್ದು ನಲವತ್ತು ಮಾದರಿ ತಂದಳು. ಈ ದಡಕ್ಕೆ ಬಂದು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೋಗಿ, ನೆನಪಾಗದೆ ಬಿಟ್ಟಳು.

ಮೊದಲ ಗಾಜಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಅವಳಿಗೆ ಮೊದಲು ಸಿಟ್ಟು ಬಂದದ್ದು ಮೈಕ್ರೋಸ್ಕೋಪಿನ ಮೇಲೆ. ಅದರ ಕಣ್ಣನ್ನು ಉಜ್ಜಿ ಉಜ್ಜಿ ಒರೆಸಿದಳು. ಆಮೇಲೆ ಬಲ್ಬು ಬದಲಾಯಿಸಿದಳು. ಕೊನೆಗೆ ತನ್ನ ಕನ್ನಡಕ ತೆಗೆದು ಅದನ್ನೂ ಬೈದಳು. ಊಟದ ಹೊತ್ತಿಗೆ ನಲವತ್ತೂ ಮುಗಿದವು. ಎರಡರಲ್ಲಿ ಮಾತ್ರ ಮೊಟ್ಟೆಯಿತ್ತು.

ನಲವತ್ತಕ್ಕೆ ಎರಡು! ನೂರಕ್ಕೆ ಎಪ್ಪತ್ತೆರಡು ಎಲ್ಲಿ, ನಲವತ್ತಕ್ಕೆ ಎರಡೆಲ್ಲಿ? ಬೀರು ತೆಗೆದು ಹಳೆಯ ಮಾದರಿಗಳ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದಳು. ಒಂದೊಂದೇ ಚೀಟಿ ಓದಿದಳು. ಪ್ರಾಣಿ: ಬಾತು. ದಿನ: ಸರಿಯಾಗಿ ಬರೆದಿತ್ತು. ಎಲ್ಲಿಂದ: ಕೆರೆ. ಇನ್ನೊಂದು ಚೀಟಿ, ಎಲ್ಲಿಂದ: ಕೆರೆ. ನೂರಕ್ಕೆ ನೂರೂ ಕೆರೆ, ಎಲ್ಲವೂ ಅವಳದೇ ದುಂಡಗಿನ ಅಕ್ಷರ.

ಕೆರೆಯೇನು ಅಂಗೈ ಅಗಲ ಇದೆಯೇ? ಅದನ್ನೊಂದು ಸುತ್ತು ಹಾಕಲು ಅರ್ಧ ದಿನ ಬೇಕು. ಆ ನೂರು ಮಾದರಿಯನ್ನೂ ಅವಳು ಎತ್ತಿದ್ದು ಒಂದೇ ಜಾಗದಲ್ಲಿ, ಅಣ್ಣನ ದೋಣಿಕಟ್ಟೆಯ ಮೆಟ್ಟಿಲಲ್ಲಿ. ಎಡಗೈಯಲ್ಲಿ ಟೀ ಲೋಟ, ಬಲಗೈಯಲ್ಲಿ ಡಬ್ಬಿ. ಕೆಸರಿಲ್ಲ, ಬೂಟು ಬೇಡ, ಹಕ್ಕಿಗಳು ಕಾಲಬುಡದಲ್ಲೇ ಓಡಾಡುತ್ತಿದ್ದವು. ಬಾತು ಎಂದರೆ ಬಾತು, ಕೆರೆ ಎಂದರೆ ಕೆರೆ ಎಂದುಕೊಂಡಿದ್ದಳು. ಊರಿನ ದೊಡ್ಡ ಡಾಕ್ಟರಿಗೆ ಡಬ್ಬಿ ವಾಪಸು ಕೊಟ್ಟವಳು ತನ್ನ ಡಬ್ಬಿಯನ್ನು ತಾನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಕಿವಿ ಬಿಸಿಯಾಯಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿದಳು.

ನಾಚಿಕೆ ಇಳಿದ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು, ಅದಂತೂ ಅವಳಿಗೆ ಯಾವತ್ತೂ ಕೈಕೊಟ್ಟಿದ್ದಿಲ್ಲ. ಸಾವಿರಾರು ಮೈಲಿ ಹಾರಿ ಬರುವ ಬಾತಿನ ಮೈತುಂಬ ಹುಳುವಿದ್ದರೆ ಅದು ಇಲ್ಲಿಯ ತನಕ ತಲುಪುವುದೇ ಕಷ್ಟ. ಸೋತದ್ದು ದಾರಿಯಲ್ಲೇ ಉದುರುತ್ತದೆ, ಗಟ್ಟಿಯಿದ್ದದ್ದು ಬಂದು ಇಳಿಯುತ್ತದೆ. ಚಳಿಗಾಲ ಮುಗಿದು ಹಿಂಡು ಹೋದರೆ ನೀರಿಗೂ ರಜೆ. ಆರೆಂಟು ತಿಂಗಳು ಒಂದು ಬಾತಿನ ಕಾಲೂ ಸಿಗದೆ ಹುಳುವಿನ ಸಂಸಾರ ತಾನಾಗಿ ಸೊರಗುತ್ತದೆ. ಆದರೆ ದೋಣಿಕಟ್ಟೆಯ ನೀರಿಗೆ ಆರು ವರ್ಷದಿಂದ ಒಂದು ದಿನದ ರಜೆಯೂ ಇಲ್ಲ. ಅದೇ ಮೆಟ್ಟಿಲು, ಅದೇ ಬಸವನಹುಳು, ಅದೇ ಬಾತು. ಉಳಿದದ್ದಕ್ಕೆ ಹುಳು ಹತ್ತುತ್ತದೆ, ಹುಳು ಹತ್ತಿದ್ದಕ್ಕೆ ಹಾರಲಾರದೆ ಉಳಿಯುತ್ತದೆ. ಮಕ್ಕಳು ಈಜುವ ಜಾಗವೂ ಕಟ್ಟೆಯಿಂದ ಕೂಗಳತೆ ದೂರದಲ್ಲೇ ಇತ್ತು.

ಅಂದರೆ ಗುರುವಾರ ಕಡಿಯಲು ಹೊರಟಿದ್ದು ತಪ್ಪು ದಡವನ್ನು.

ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೊಂಡು ಹೋಗುತ್ತಿತ್ತು, ಹಿಂಡು ದಿಕ್ಕೆಟ್ಟು ಎಲ್ಲಿಗೋ ಹೋಗುತ್ತಿತ್ತು, ನವೆ ಹಾಗೇ ಉಳಿಯುತ್ತಿತ್ತು, ಮುಂದಿನ ವರ್ಷ ಊರು ಇನ್ಯಾರನ್ನೋ ದೂರುತ್ತಿತ್ತು. ಬಾಯಿ ಬಿಟ್ಟರೆ ಎರಡು ನಷ್ಟ. ಇಪ್ಪತ್ತೆಂಟು ವರ್ಷದ ಜಂಬ ಮಣ್ಣುಪಾಲು. ಅದು ಹೋದರೆ ಹೋಗಲಿ, ಹೊಸದು ಸಂಪಾದಿಸಿಕೊಳ್ಳಬಹುದು ಎಂದುಕೊಂಡಳು. ಇನ್ನೊಂದು ಮಾತ್ರ ಹಾಗೆ ಸಂಪಾದಿಸಿಕೊಳ್ಳುವಂಥದ್ದಲ್ಲ. ಅಣ್ಣನಿಗೆ ಬೆಳಗಾಗುವುದೇ ಆ ಬಾತುಗಳಿಂದ.

ಆದರೂ ಅವಳು ನಾಳೆಗೆಂದು ಮುಂದೂಡುವ ಪೈಕಿಯಲ್ಲ. ಸಂಜೆಯ ಬಿಸಿಲಿರುವಾಗಲೇ ದೋಣಿಕಟ್ಟೆಗೆ ಹೋದಳು. ಅಣ್ಣ ಮೆಟ್ಟಿಲ ಮೇಲೆ ಕೂತು ಪಂಚೆಯ ಮಡಿಲಿನಿಂದ ಕಾಳು ಎರಚುತ್ತಿದ್ದ. ಮೊಂಡಿ ಅವನ ಪಾದದ ಮೇಲೇ ಕೂತಿತ್ತು.

"ಏನು ಪುಟ್ಟೀ, ಈ ಹೊತ್ತಲ್ಲಿ? ಟೀ ಇಡ್ಲಾ?"

ಐವತ್ತು ದಾಟಿದರೂ ಅಣ್ಣನಿಗೆ ಅವಳು ಪುಟ್ಟಿಯೇ.

"ಟೀ ಬೇಡ. ಮೊದ್ಲು ನಾನು ಹೇಳೋದು ಕೇಳು. ಮಧ್ಯ ಬಾಯಿ ಹಾಕ್ಬೇಡ."

ಎಲ್ಲವನ್ನೂ ಹೇಳಿದಳು. ನಲವತ್ತಕ್ಕೆ ಎರಡು, ಕೆರೆ ಎಂದು ಬರೆದ ಚೀಟಿ, ಗುರುವಾರದ ಯಂತ್ರ, ಏನನ್ನೂ ಬಿಡಲಿಲ್ಲ. ಕಾಳು ಎರಚುತ್ತಿದ್ದ ಅಣ್ಣನ ಕೈ ನಿಧಾನವಾಗುತ್ತ ಹೋಗಿ ಮಡಿಲಲ್ಲೇ ನಿಂತಿತು.

"ಅಂದ್ರೆ ಮಕ್ಕಳ ಮೈ ಕೆರೆಸಿದ್ದು ನಾನಾ?"

"ನೀನು ಬೇಕು ಅಂತ ಮಾಡಿದ್ದಾ? ನಾನು ಇದೇ ಕೆಲಸಕ್ಕೆ ಸಂಬಳ ತಗೊಳ್ಳೋಳು. ನನಗೇ ಕಾಣ್ಲಿಲ್ಲ."

"ಅದಿರ್ಲಿ. ಮೊಂಡಿ ವಿಷಯ ಹೇಳು." ಅಣ್ಣ ಪಾದದ ಮೇಲಿನ ಬಾತಿನ ಕಡೆ ನೋಡಿದ. "ಇವಳು ಉಳಿದಿದ್ದು ನನಗೋಸ್ಕರ ಅಲ್ವಾ?"

ಹೌದು ಎಂದುಬಿಡಬಹುದಿತ್ತು, ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಆ ಮಧ್ಯಾಹ್ನವಷ್ಟೇ ತನ್ನ ಸುಳ್ಳು ಚೀಟಿ ನೂರು ಓದಿದ್ದಳು, ನೂರಾ ಒಂದನೆಯದು ಬರೆಯಲು ಮನಸ್ಸು ಬರಲಿಲ್ಲ.

"ಅಲ್ಲ ಅಣ್ಣ. ಇವಳ ಮೈತುಂಬ ಹುಳ. ಹೋದ ತಿಂಗಳು ನಾನೇ ನೋಡಿದ್ದೀನಿ. ಅವತ್ತು ಇವಳಿಗೆ ಹೋಗೋಕೆ ಆಗ್ಲಿಲ್ಲ. ಅದಕ್ಕೇ ಉಳಿದಳು."

ಅಣ್ಣ ಪಾದವನ್ನು ಮೆಲ್ಲಗೆ ಎಳೆದುಕೊಂಡು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಸ್ವಲ್ಪ ಹೊತ್ತು ಕಾದಳು. ಬಾಗಿಲು ತೆರೆಯಲಿಲ್ಲ. ಆ ಮನೆಯಿಂದ ಟೀ ಕುಡಿಯದೆ ಅವಳು ವಾಪಸು ಹೋದದ್ದು ಅದೇ ಮೊದಲು.

ಬುಧವಾರ ಪುರಸಭೆಯಲ್ಲಿ ಅವಳು ಕುರ್ಚಿಗೂ ಕಾಯದೆ ನಿಂತೇ ಹೇಳಿದಳು. "ನನ್ನ ವರದಿ ತಪ್ಪು. ನಾಳೆ ಯಂತ್ರ ತರಿಸ್ಬೇಡಿ."

ಸಭೆಯಲ್ಲಿ ಗುಜುಗುಜು. ಅಧ್ಯಕ್ಷರ ಮುಖ ಹುಳ್ಳಗಾಯಿತು. "ಏನು ಮೇಡಂ ಇದು? ಅವತ್ತು ಎರಡು ಮಾತಿಲ್ಲ ಅಂದ್ರಿ."

"ಅವತ್ತು ಇರ್ಲಿಲ್ಲ, ಇವತ್ತು ಇದೆ. ಎರಡನೇ ಮಾತೂ ಕೇಳಿ."

ಹೊಸ ಲೆಕ್ಕವನ್ನು ಮುಂದಿಟ್ಟಳು. ಹುಳು ತುಂಬಿರುವುದು ಬಂದು ಹೋಗುವ ಬಾತುಗಳಲ್ಲಲ್ಲ, ಹೋಗದೆ ಉಳಿದ ಬಾತುಗಳಲ್ಲಿ. ತಾನು ತಂದ ಮಾದರಿಗಳು ಇಡೀ ಕೆರೆಯವಲ್ಲ, ಒಂದೇ ಜಾಗದವು ಎಂದಳು. ಈಜು ಮಾಸ್ಟರು ತೊಡೆ ತಟ್ಟಿಕೊಂಡರು. "ನಾನು ಅವತ್ತೇ ಬೇಸಿಗೆ ಅಂದೆ, ಚಪ್ಪಾಳೆ ಹೊಡೆದು ನನ್ನ ಕೂರಿಸಿದ್ರಿ!"

"ಯಾವ ಜಾಗ?" ಎಂದರು ಅಧ್ಯಕ್ಷರು.

ಮೇಡಂ ಬಾಯಿ ತೆರೆದಳು. ಇಷ್ಟು ಹೊತ್ತು ತನ್ನ ತಪ್ಪನ್ನು ಹೇಳಿಕೊಳ್ಳುವಾಗ ನಡುಗದ ದನಿ ಅಣ್ಣನ ಮನೆಯನ್ನು ಬೊಟ್ಟು ಮಾಡಿ ತೋರಿಸಬೇಕಾದಾಗ ಹೊರಡಲೇ ಇಲ್ಲ.

"ನನ್ನ ದೋಣಿಕಟ್ಟೆ" ಎಂದು ಹಿಂದಿನಿಂದ ಯಾರೋ ಹೇಳಿದರು.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಹೆಗಲ ಮೇಲೆ ಕಾಳಿನ ಚೀಲ. ಎಲ್ಲರೂ ದಾರಿ ಬಿಟ್ಟರು. ಅವನು ನೇರ ನಡೆದು ಬಂದು ಚೀಲವನ್ನು ಅಧ್ಯಕ್ಷರ ಮೇಜಿನ ಮೇಲೆ ದೊಪ್ಪೆಂದು ಇಳಿಸಿದ. ಕಾಗದಗಳು ಹಾರಿದವು.

"ಇದು ಕೊನೇ ಚೀಲ. ಬಾಯಿ ಬಿಚ್ಚಿಲ್ಲ. ಇವತ್ತು ಬೆಳಗ್ಗೆ ಹಾಕಿಲ್ಲ, ಇನ್ನು ಹಾಕೋದೂ ಇಲ್ಲ. ಆದ್ರೆ ನೀವು ಆ ಜೊಂಡು ಕಡೀಬಾರ್ದು. ಕಡಿದ್ರೆ ಹಿಂಡು ಬರಲ್ಲ. ಹಿಂಡೇ ಬರ್ಲಿಲ್ಲ ಅಂದ್ರೆ ನನ್ನವು ಹೋಗೋದಾದ್ರೂ ಯಾರ ಜೊತೆ?"

ಅಧ್ಯಕ್ಷರು ಹಾರಿದ ಕಾಗದಗಳನ್ನು ಒಟ್ಟುಮಾಡಿಕೊಂಡರು. ಚೀಲದ ಕಡೆ ನೋಡಿದರು, ಮೇಡಂ ಕಡೆ ನೋಡಿದರು, ಕೊನೆಗೆ ಮೊದಲಿನಿಂದಲೂ ತಮ್ಮ ಅಭಿಪ್ರಾಯ ಅದೇ ಆಗಿತ್ತೆಂಬ ಗತ್ತಿನಲ್ಲಿ, "ಯಂತ್ರ ಬೇಡ ಅಂತ ಹೇಳಿಬಿಡಿ" ಎಂದರು. ಅಣ್ಣ ತಂಗಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. "ಕೆರೆ ಅಂತ ಬರೆದ್ಯಾ? ನಾಚಿಕೆ ಆಗ್ಬೇಕು ನಿನಗೆ" ಎಂದು ಮೆಲ್ಲಗೆ ಗದರಿದ. ಅವಳಿಗೆ ಹೋದ ಜೀವ ಬಂದಂತಾಯಿತು.

ಆ ಚಳಿಗಾಲ ಇಬ್ಬರಿಗೂ ಬಿಡುವಿರಲಿಲ್ಲ. ಮೊದಲ ಎರಡು ವಾರ ಬಾತುಗಳು ಬೆಳಗಾದರೆ ಬಾಗಿಲಿಗೆ ಬಂದು ಗಲಾಟೆ ಎಬ್ಬಿಸಿದವು. ಅಣ್ಣ ಕಿಟಕಿಯನ್ನೂ ಹಾಕಿಕೊಂಡು ಒಳಗೆ ಕೂತು, ಕರುಳು ಕಿತ್ತು ಬಂದರೂ ಏಳಲಿಲ್ಲ. ಆಮೇಲೆ ಅವು ಹೊಟ್ಟೆಪಾಡಿಗೆ ಕೆರೆಯ ತುಂಬ ಚದುರಿದವು, ಕೆಲವು ಉತ್ತರ ದಡದ ಹಿಂಡಿಗೂ ಸೇರಿಕೊಂಡವು. ಮೊಂಡಿ ಹೆಸರಿಗೆ ತಕ್ಕಂತೆ ಎಲ್ಲಕ್ಕಿಂತ ಕೊನೆಗೆ ಹೋಯಿತು. ಅಣ್ಣ ಪಂಚೆ ಎತ್ತಿ ಕಟ್ಟಿ, ಮೆಟ್ಟಿಲಿಗೆ ಅಂಟಿದ್ದ ಬಸವನಹುಳುಗಳನ್ನು ದಿನವೂ ಕೆರೆದು ಕೆರೆದು ಬುಟ್ಟಿಗೆ ತುಂಬಿ ತೆಗೆದ. ಅವನ ಕಾಲಿಗೂ ನವೆ ಹತ್ತಿತು. ಈಜು ಮಾಸ್ಟರು ತಮ್ಮ ಮುಲಾಮು ತಂದುಕೊಟ್ಟರು.

ವಾರಕ್ಕೊಮ್ಮೆ ಹಳೆಯ ದೋಣಿ ನೀರಿಗಿಳಿಯುತ್ತಿತ್ತು. ಅಣ್ಣ ಹುಟ್ಟು ಹಾಕುತ್ತಿದ್ದ, ತಂಗಿ ಮಾದರಿ ಎತ್ತುತ್ತಿದ್ದಳು. ಚೀಟಿ ಬರೆಯುವ ಕೆಲಸ ಅಣ್ಣನದು. ಅವನು ಬರೆಯುತ್ತಿದ್ದುದು ಹೀಗೆ: ಎಲ್ಲಿಂದ: ಉತ್ತರ ದಡ, ಜೊಂಡಿನ ಎಡಕ್ಕೆ, ಮುರಿದ ಗೂಟದಿಂದ ಹತ್ತು ಹೆಜ್ಜೆ, ಕೆಸರು ಜಾಸ್ತಿ, ಪುಟ್ಟಿ ಇವತ್ತೂ ಬಿದ್ದಳು. ಜಾಗ ಸಾಲದೆ ಹಿಂಬದಿಗೂ ಬರೆಯುತ್ತಿದ್ದ. ಊರಿನವರು ಅವನನ್ನು ಹಿಕ್ಕೆ ಸಾಹೇಬ್ರು ಎನ್ನತೊಡಗಿದರು. ಬಿಳಿ ಮಚ್ಚೆಯ ಬಾತನ್ನು ಎಲ್ಲಿ ಕಂಡರೂ ದೋಣಿ ನಿಲ್ಲಿಸಿ, ಅದು ಹಿಕ್ಕೆ ಹಾಕುವ ತನಕ ಎಷ್ಟು ಹೊತ್ತಾದರೂ ಕಾಯುತ್ತಿದ್ದ. ಮೊದಲ ತಿಂಗಳು ಅದರ ಗಾಜಿನ ಮೇಲೆ ಮೊಟ್ಟೆ ಎಣಿಸಲು ಸಾಧ್ಯವಿರಲಿಲ್ಲ. ಹೊಸ ಹುಳು ಹತ್ತದೆ, ಹಳೆಯವು ಒಂದೊಂದಾಗಿ ಸತ್ತು, ಮೂರನೇ ತಿಂಗಳಿಗೆ ಬೆರಳೆಣಿಕೆಯಷ್ಟಾಯಿತು. ಕೊನೆಯ ವಾರ ಮೇಡಂ ಮೂರು ಸಲ ಹುಡುಕಿದರೂ ಒಂದೂ ಸಿಗಲಿಲ್ಲ.

ಚಳಿ ಮುಗಿದು ಗಾಳಿ ತಿರುಗಿದ ಒಂದು ಬೆಳಗ್ಗೆ ಹಿಂಡು ಎದ್ದಿತು. ಅಣ್ಣ ತಂಗಿ ಉತ್ತರ ದಡದ ಹತ್ತಿರ ದೋಣಿಯಲ್ಲೇ ಇದ್ದರು. ಜೊಂಡಿನ ಮೇಲಿಂದ ಸಾವಿರ ರೆಕ್ಕೆ ಒಟ್ಟಿಗೆ ಬಡಿದ ಸದ್ದಿಗೆ ಮಾತು ಕೇಳಿಸದಂತಾಯಿತು. ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ.

"ಅಗೋ! ಎಡಗಡೆ, ಕೆಳಗಿನ ಸಾಲಲ್ಲಿ!"

ಕುತ್ತಿಗೆಯ ಬಿಳಿ ಮಚ್ಚೆ ಬಿಸಿಲಿಗೆ ಒಮ್ಮೆ ಹೊಳೆಯಿತು. ಮೊಂಡಿ ಎಲ್ಲರಂತೆ ರೆಕ್ಕೆ ಬಡಿಯುತ್ತ ಎಲ್ಲರ ಜೊತೆ ಮೇಲೇರಿತು. ದೋಣಿಕಟ್ಟೆಯ ಮೇಲೇ ಹಾದುಹೋಯಿತು, ಇಳಿಯಲಿಲ್ಲ, ಸುತ್ತಲಿಲ್ಲ. ಸಾಲು ಸಣ್ಣದಾಗುತ್ತ ಹೋಗಿ ಕಣ್ಣಿಗೆ ಕಾಣದಾಯಿತು. ಆ ವರ್ಷ ಕಟ್ಟೆಯ ಬಳಿ ಉಳಿದದ್ದು ಒಂಬತ್ತೇ ಬಾತು.

ಅಣ್ಣ ಬಹಳ ಹೊತ್ತು ಕತ್ತೆತ್ತಿಯೇ ಕೂತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಆರು ವರ್ಷ ಕಾಳು ಹಾಕಿದ್ದೀನಿ ಪುಟ್ಟೀ. ಒಂದ್ಸಲ ತಿರುಗಿ ಕೂಡ ನೋಡ್ಲಿಲ್ಲ, ಕೊಬ್ಬು ನೋಡು ಅವಳಿಗೆ!"

"ಪೂರ್ತಿ ಹುಷಾರಾಗಿದ್ದಾಳೆ ಅಣ್ಣ" ಎಂದಳು ಹಿಕ್ಕೆ ಮೇಡಂ.

ಅಣ್ಣ ಮೂಗು ಒರೆಸಿಕೊಂಡು, ಇಪ್ಪತ್ತರ ಹುಡುಗನ ಹಾಗೆ ಎದೆಯುಬ್ಬಿಸಿ ಹುಟ್ಟು ಕೈಗೆತ್ತಿಕೊಂಡ. "ಮತ್ತೆ? ಹುಷಾರು ಮಾಡಿದ್ದು ಯಾರು ಅಂದ್ಕೊಂಡೆ? ನಡಿ, ಟೀ ಇಡ್ತೀನಿ."